ಗ್ಲಿಸರಾಲ್‌ನ ಉತ್ಕರ್ಷಣೆಯನ್ನು ನಡುದಾರಿಯಲ್ಲಿ ತಡೆಯುವ ಕೆಲಸ

ಎಣ್ಣೆಯನ್ನು ಮೆಥನಾಲ್‌ನೊಡನೆ ವರ್ತಿಸುವಂತೆ ಮಾಡಿ ಜೈವಿಕ ಡೀಸೆಲ್ ತಯಾರಿಸುವಾಗ, ಪ್ರತಿ 100 ಕಿಲೋ ಇಂಧನಕ್ಕೆ ಸುಮಾರು 10 ಕಿಲೋ ಗ್ಲಿಸರಾಲ್ ಉಳಿಯುತ್ತದೆ. ಅದರ ಅಣುವಿನಲ್ಲಿರುವ ಮೂರು ಕಾರ್ಬನ್‌ಗಳಿಗೂ ಒಂದೊಂದು ಹೈಡ್ರಾಕ್ಸಿಲ್ ಗುಂಪು (ಒಂದು ಆಮ್ಲಜನಕ, ಒಂದು ಜಲಜನಕ) ಅಂಟಿಕೊಂಡಿರುತ್ತದೆ. ನಡುವಿನ ಗುಂಪು ಮಾತ್ರ ಉತ್ಕರ್ಷಣೆಗೊಂಡರೆ, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡರೆ, ಚರ್ಮಕ್ಕೆ ಕಂದುಬಣ್ಣ ಕೊಡುವ ಲೇಪನಗಳಲ್ಲಿ ಬಳಕೆಯಾಗುವ ಡೈಹೈಡ್ರಾಕ್ಸಿಅಸಿಟೋನ್ ಸಿಗುತ್ತದೆ. ತುದಿಯ ಗುಂಪಾದರೆ ಮೊದಲು ಗ್ಲಿಸರಾಲ್ಡಿಹೈಡ್, ಆಮೇಲೆ ಗ್ಲಿಸರಿಕ್ ಆಮ್ಲ. ಕ್ರಿಯೆಯನ್ನು ತಡೆಯದೆ ಬಿಟ್ಟರೆ ಕಾರ್ಬನ್ ಸರಪಳಿ ತುಂಡಾಗುತ್ತಾ ಹೋಗಿ, ಫಾರ್ಮಿಕ್ ಆಮ್ಲವನ್ನೂ ದಾಟಿ, ಇಂಗಾಲದ ಡೈಆಕ್ಸೈಡ್‌ನಲ್ಲಿ ಕೊನೆಗೊಳ್ಳುತ್ತದೆ.

ಈ ಉತ್ಕರ್ಷಣೆಯನ್ನು ಬೆಳಕಿನಿಂದ ನಡೆಸಿ, ಬೇಕಾದ ವಸ್ತು ಸಿಕ್ಕ ಹಂತದಲ್ಲೇ ನಿಲ್ಲಿಸುವುದು ಇಲ್ಲಿನ ಗುರಿ. ಅರೆವಾಹಕದ ಪುಡಿಯ ಮೇಲೆ ತಕ್ಕಷ್ಟು ಶಕ್ತಿಯ ಬೆಳಕು ಬಿದ್ದಾಗ ಅದರ ಎಲೆಕ್ಟ್ರಾನ್ ಹೆಚ್ಚಿನ ಶಕ್ತಿಯ ಮೇಲಿನ ಪಟ್ಟಿಗೆ ಜಿಗಿದು, ಅದು ಬಿಟ್ಟುಹೋದ ಖಾಲಿ ಜಾಗ ಗ್ಲಿಸರಾಲ್‌ನಿಂದ ಎಲೆಕ್ಟ್ರಾನನ್ನು ಕಿತ್ತುಕೊಳ್ಳುತ್ತದೆ. ಜಿಗಿದ ಎಲೆಕ್ಟ್ರಾನ್ ಆಮ್ಲಜನಕಕ್ಕೆ ಹೋಗಬಹುದು. ಗಾಳಿಯಿಲ್ಲದ ಪಾತ್ರೆಯಲ್ಲಿ, ಪ್ಲಾಟಿನಂ ಕಣಗಳ ನೆರವಿದ್ದರೆ, ನೀರಿನಿಂದ ಜಲಜನಕವನ್ನು ಬಿಡಿಸಬಹುದು. ಎಲ್ಲರ ಕೈಗೆ ಮೊದಲು ಬರುವ ಟೈಟಾನಿಯಂ ಡೈಆಕ್ಸೈಡ್‌ಗೆ ಎರಡು ತೊಡಕುಗಳಿವೆ. ಅದರ ಅನಟೇಸ್ ಎಂಬ ಹರಳು ರೂಪದ ಶಕ್ತಿಯ ಅಂತರ, ಅಂದರೆ ಎಲೆಕ್ಟ್ರಾನ್ ಮೇಲಿನ ಪಟ್ಟಿಗೆ ಜಿಗಿಯಲು ಬೇಕಾದ ಶಕ್ತಿ, 3.2 ಎಲೆಕ್ಟ್ರಾನ್ ವೋಲ್ಟ್ ಆಗಿರುವುದರಿಂದ, ಬಿಸಿಲಿನಲ್ಲಿ ಶೇ. 5ರಷ್ಟೇ ಇರುವ ನೇರಳಾತೀತ ಕಿರಣಗಳಿಗೆ ಮಾತ್ರ ಅದು ಸ್ಪಂದಿಸುತ್ತದೆ. ಎರಡನೆಯ ತೊಡಕು ಇನ್ನೂ ದೊಡ್ಡದು: ನೀರಿನಿಂದ ಅದು ಹುಟ್ಟಿಸುವ, ಎದುರಾದದ್ದರೊಂದಿಗೆಲ್ಲ ವರ್ತಿಸುವ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳಿಗೆ ನಡುವಿನ ಗುಂಪು, ತುದಿಯ ಗುಂಪು ಎಂಬ ಭೇದವಿಲ್ಲ. ಕೊಳಕು ನೀರನ್ನು ಶುದ್ಧಗೊಳಿಸಲು ವರವಾದ ಗುಣವೇ ಇಲ್ಲಿ ಶಾಪ. ಗೋಚರ ಬೆಳಕನ್ನು ಹೀರುವ, ಸುಮಾರು 2.4 ಎಲೆಕ್ಟ್ರಾನ್ ವೋಲ್ಟ್ ಅಂತರದ ಬಿಸ್ಮತ್ ವೆನಡೇಟನ್ನು ವಿದ್ಯುದ್ವಾರವಾಗಿಸಿ ಆಮ್ಲೀಯ ದ್ರಾವಣದಲ್ಲಿ ಬಳಸಿದರೆ ಡೈಹೈಡ್ರಾಕ್ಸಿಅಸಿಟೋನ್ ಹೆಚ್ಚಾಗಿ ಸಿಗುತ್ತದೆ. ಕ್ಷಾರದಲ್ಲಾದರೋ ಅದು ಗ್ಲಿಸರಾಲ್ಡಿಹೈಡ್‌ನೊಂದಿಗೆ ರೂಪ ಬದಲಿಸಿಕೊಳ್ಳುತ್ತಾ ಬೇರೆ ವಸ್ತುಗಳಾಗಿ ಜಾರಿಹೋಗುತ್ತದೆ.

ಪ್ರಯೋಗದ ವರದಿ ಕೈಗೆ ಬಂದಾಗ, ಬೇಕಾದ ವಸ್ತು ಶೇಕಡಾ ಎಷ್ಟು ಸಿಕ್ಕಿತು ಎಂಬ ಅಂಕಿಗಿಂತ ಮೊದಲು ನಾನು ಕಾರ್ಬನ್ನಿನ ಲೆಕ್ಕವನ್ನು, ಅಂದರೆ ಪಾತ್ರೆಗೆ ಹಾಕಿದ ಕಾರ್ಬನ್ನೆಲ್ಲ ಕೊನೆಯಲ್ಲಿ ಲೆಕ್ಕಕ್ಕೆ ಸಿಕ್ಕಿದೆಯೇ ಎಂಬುದನ್ನು, ನೋಡುತ್ತೇನೆ. ಒಟ್ಟು ಗ್ಲಿಸರಾಲ್‌ನಲ್ಲಿ ಶೇ. 5 ಮಾತ್ರ ವರ್ತಿಸಿರುವಾಗ ಅದರಲ್ಲಿ ಶೇ. 90 ಬೇಕಾದ ವಸ್ತುವೇ ಆಗಿದ್ದರೂ, ಕೈಗೆ ಬರುವುದು ಶೇ. 4.5 ಅಷ್ಟೇ. ಅನಿಲವಾಗಿ ಹೋದ ಇಂಗಾಲದ ಡೈಆಕ್ಸೈಡನ್ನು ಅಳೆಯದಿದ್ದರೆ ಆ 90 ಎಂಬ ಅಂಕಿಯೂ ಅನುಮಾನಾಸ್ಪದವೇ. ಸಾಲದ್ದಕ್ಕೆ, ಮಿಶ್ರಣದ ವಸ್ತುಗಳನ್ನು ಕೊಳವೆಯೊಂದರ ಮೂಲಕ ಹಾಯಿಸಿ ಬೇರ್ಪಡಿಸುವ ದ್ರವ ಕ್ರೊಮಟೋಗ್ರಫಿಯ ಕೆಲವು ಕಾಲಂಗಳಲ್ಲಿ (ಕೊಳವೆಗಳಲ್ಲಿ) ಗ್ಲಿಸರಾಲ್ ಮತ್ತು ಡೈಹೈಡ್ರಾಕ್ಸಿಅಸಿಟೋನ್ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೊರಬರುತ್ತವೆ. ಒಂದೇ ಡಿಟೆಕ್ಟರನ್ನು ನಂಬಿದವರು ಮೋಸಹೋಗುವುದು ಇಲ್ಲಿಯೇ. ಕತ್ತಲಲ್ಲಿ ನಡೆಸಿದ ಪ್ರಯೋಗ, ಪುಡಿಯಿಲ್ಲದೆ ಬೆಳಕಷ್ಟನ್ನೇ ಹಾಯಿಸಿದ ಪ್ರಯೋಗ, ಇವೆರಡರ ಫಲಿತಾಂಶವೂ ಜೊತೆಗಿರಬೇಕು.

ಇವೆಲ್ಲ ಶುದ್ಧ ಗ್ಲಿಸರಾಲ್‌ನ ಮಾತಾಯಿತು. ಕಾರ್ಖಾನೆಯ ಕಚ್ಚಾ ದ್ರವದ ಕಂದುಬಣ್ಣ ಬೆಳಕನ್ನು ತಾನೇ ನುಂಗುತ್ತದೆ, ಅದರಲ್ಲಿರುವ ಸಾಬೂನು ಅರೆವಾಹಕದ ಪುಡಿಯ ಮೇಲ್ಮೈಯನ್ನು ಮುಚ್ಚುತ್ತದೆ, ಉಳಿದ ಮೆಥನಾಲ್ ಗ್ಲಿಸರಾಲ್‌ಗಿಂತ ಮುಂಚೆ ತಾನೇ ಉತ್ಕರ್ಷಣೆಗೆ ಒಳಗಾಗಬಹುದು. ಆದ್ದರಿಂದ ಹೊಸ ಪುಡಿಯೊಂದು ಶುದ್ಧ ದ್ರಾವಣದಲ್ಲಿ ಚೆನ್ನಾಗಿ ನಡೆದರೆ, ಅದನ್ನು ಸುಧಾರಿಸಲು ತಿಂಗಳುಗಟ್ಟಲೆ ಕೂರುವ ಮುನ್ನ, ಆಮ್ಲ ಬೆರೆಸಿ ಸಾಬೂನನ್ನು ಬೇರ್ಪಡಿಸಿದ ಕಚ್ಚಾ ಗ್ಲಿಸರಾಲ್‌ನಲ್ಲಿ ಅದನ್ನು ಒಮ್ಮೆ ಹಾಕಿ ನೋಡುತ್ತೇನೆ.