ವಕೀಲರ ಬಿಲ್ಲಿಗೆ ವಕೀಲರೇ ಸಾಕ್ಷಿ

ಕಟ್ಟಡ ಕುಸಿದರೆ ಎಂಜಿನಿಯರು, ಶಸ್ತ್ರಚಿಕಿತ್ಸೆ ಕೆಟ್ಟರೆ ವೈದ್ಯರು ಸಾಕ್ಷಿಕಟ್ಟೆ ಹತ್ತುತ್ತಾರೆ. ಕೋರ್ಟಿಗೆ ಗೊತ್ತಿಲ್ಲದ್ದನ್ನು ತಿಳಿಸಲೆಂದೇ ಇಂಥ ತಜ್ಞರನ್ನು ಕರೆಸುವುದು. ಅಮೆರಿಕದ ಕೋರ್ಟುಗಳಲ್ಲಿ ವಕೀಲರೂ ಹೀಗೆ ತಜ್ಞ ಸಾಕ್ಷಿಯಾಗಿ ಬರುತ್ತಾರೆ. ಇನ್ನೊಬ್ಬ ವಕೀಲರು ಹಾಕಿದ ಫೀಸು ಸರಿಯೇ, ಅವರ ನಡತೆ ವೃತ್ತಿಗೆ ಒಪ್ಪುವಂಥದ್ದೇ ಎಂಬುದನ್ನು ಅವರು ಹೇಳಬೇಕು. ಕೇಳಿಸಿಕೊಳ್ಳುವ ನ್ಯಾಯಾಧೀಶರೂ ಹಿಂದೊಮ್ಮೆ ಇದೇ ವೃತ್ತಿಯಲ್ಲಿದ್ದವರು. ಅವರಿಗೆ ಗೊತ್ತಿರುವುದನ್ನೇ ಹೇಳಲು ಸಾಕ್ಷಿ ಏಕೆ ಬೇಕು ಎಂಬ ಜಗಳ ಇನ್ನೂ ಪೂರ್ತಿ ಬಗೆಹರಿದಿಲ್ಲ.

ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಗೆದ್ದವರ ವಕೀಲರ ಖರ್ಚೂ ಸೋತವರ ತಲೆಗೆ. ಅಮೆರಿಕ ಬೇರೆ ದಾರಿ ಹಿಡಿಯಿತು. 1796ರ ಆರ್ಕಾಂಬೆಲ್ ವಿರುದ್ಧ ವೈಸ್‌ಮನ್ ಪ್ರಕರಣದಲ್ಲಿ ಪರಿಹಾರದ ಮೊತ್ತದೊಳಗೆ ಸೇರಿಸಿದ್ದ 1,600 ಡಾಲರ್ ವಕೀಲರ ಫೀಸನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಗೆಲ್ಲಲಿ, ಸೋಲಲಿ, ಅವರವರ ವಕೀಲರಿಗೆ ಅವರವರೇ ಕೊಡಬೇಕು ಎಂಬುದು ನಿಯಮವಾಗಿ ನಿಂತಿತು. ಹಾಗಾಗಿ ಫೀಸಿನ ಪ್ರಶ್ನೆ ಕೋರ್ಟಿಗೆ ಬರುತ್ತಿದ್ದ ಸಂದರ್ಭಗಳು ಕಡಿಮೆ: ಕಕ್ಷಿದಾರ ಹಣ ಕೊಡದಿದ್ದಾಗ, ಇಲ್ಲವೇ ಒಬ್ಬನ ಹೋರಾಟದಿಂದ ಹಲವರ ಪಾಲಿನ ನಿಧಿ ಉಳಿದಾಗ. ಫ್ಲಾರಿಡಾದ ಬಾಂಡುದಾರನೊಬ್ಬ ಹೀಗೆ ಎಲ್ಲರ ಪರ ಹೋರಾಡಿ ಉಳಿಸಿದ ನಿಧಿಯಿಂದಲೇ ಅವನ ವಕೀಲರ ಖರ್ಚನ್ನು ಕೊಡಬಹುದು ಎಂದು ಸುಪ್ರೀಂ ಕೋರ್ಟ್ ಗ್ರೀನೋ ಪ್ರಕರಣದಲ್ಲಿ ಹೇಳಿತು. ಅವನ ಸ್ವಂತ ದುಡಿಮೆಗೂ ಓಡಾಟಕ್ಕೂ ಮಾತ್ರ ಬಿಡಿಗಾಸೂ ಸಿಗಲಿಲ್ಲ.

ಆಗೆಲ್ಲ ತಕ್ಕ ಫೀಸು ಎಷ್ಟೆಂದು ತಿಳಿಯುವುದು ಸುಲಭವಿತ್ತು. ಎಷ್ಟೋ ಕಡೆ ವಕೀಲರ ಸಂಘಗಳೇ ಕನಿಷ್ಠ ದರಪಟ್ಟಿ ಅಚ್ಚು ಹಾಕಿಸಿದ್ದವು. ಅದು ಮುರಿದದ್ದು 1975ರಲ್ಲಿ. ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ ಮನೆ ಕೊಳ್ಳಹೊರಟ ದಂಪತಿಗೆ ಹಕ್ಕುಪತ್ರ ಪರಿಶೀಲಿಸಲು ವಕೀಲರು ಬೇಕಿತ್ತು. ಪಟ್ಟಿಯ ದರ ಆಸ್ತಿ ಬೆಲೆಯ ಶೇ. 1. ಅದಕ್ಕಿಂತ ಕಡಿಮೆಗೆ ಯಾರಾದರೂ ಮಾಡಿಕೊಡುತ್ತಾರೇನೋ ಎಂದು ಅವರು ಇನ್ನೂ 36 ವಕೀಲರಿಗೆ ಪತ್ರ ಬರೆದರು. 19 ಮಂದಿ ಉತ್ತರಿಸಿದರು. ಇಳಿಸುತ್ತೇವೆ ಎಂದವರು ಒಬ್ಬರೂ ಇಲ್ಲ. ಇದು ಬೆಲೆ ಕಟ್ಟುವ ಒಳಒಪ್ಪಂದ, ಸ್ಪರ್ಧಾ ಕಾನೂನಿಗೆ ವಿರುದ್ಧ ಎಂದು ಗೋಲ್ಡ್‌ಫಾರ್ಬ್ ತೀರ್ಪು ಹೇಳಿತು. ದರಪಟ್ಟಿಗಳ ಕಾಲ ಅಲ್ಲಿಗೆ ಮುಗಿಯಿತು.

ಅದರ ಮರುವರ್ಷವೇ, ನಾಗರಿಕ ಹಕ್ಕುಗಳ ಮೊಕದ್ದಮೆಯಲ್ಲಿ ಗೆದ್ದವರಿಗೆ ಎದುರುಪಕ್ಷದಿಂದ ನ್ಯಾಯವಾದ ಫೀಸು ಕೊಡಿಸುವ ಅಧಿಕಾರವನ್ನು ಸಂಸತ್ತು ಕೋರ್ಟುಗಳಿಗೆ ಕೊಟ್ಟಿತು. ಒಂದು ಕಡೆ ಪಟ್ಟಿ ಹೋಯಿತು, ಇನ್ನೊಂದು ಕಡೆ ಬಿಲ್ಲು ಎದುರಾಳಿಯ ಕೈಗೆ ಬಂತು. ಕೊಡುವವನು ನೇಮಿಸಿದ ವಕೀಲರಲ್ಲ, ಒಪ್ಪಿದ ದರವಲ್ಲ. ಅವನು ಪ್ರತಿ ಸಾಲಿಗೂ ತಕರಾರು ತೆಗೆಯದೆ ಬಿಡುತ್ತಾನೆಯೇ? ಫೀಸಿನ ತಜ್ಞ ಸಾಕ್ಷಿ ಒಂದು ಕಸುಬಾಗಿ ಬೆಳೆದದ್ದು ಈ ಸಂದಿಯಲ್ಲಿ.

ಲೆಕ್ಕದ ವಿಧಾನಕ್ಕೂ ಸ್ವಲ್ಪ ಕಾಲ ಹಿಡಿಯಿತು. 1973ರಲ್ಲಿ ಒಂದು ಮೇಲ್ಮನವಿ ಕೋರ್ಟು ದುಡಿದ ಗಂಟೆಯನ್ನು ಗಂಟೆಯ ದರದಿಂದ ಗುಣಿಸುವ ಸೂತ್ರ ಕೊಟ್ಟಿತು. 'ಲೋಡ್‌ಸ್ಟಾರ್' ಎಂದು ಹೆಸರಾದದ್ದು ಇದೇ. ಮರುವರ್ಷ ಇನ್ನೊಂದು ಕೋರ್ಟು ಫೀಸು ತೂಗಿ ನೋಡಲು 12 ಅಂಶಗಳ ಪಟ್ಟಿ ಕೊಟ್ಟಿತು. 1983ರ ಹೆನ್ಸ್‌ಲಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಗುಣಾಕಾರವನ್ನೇ ಮೊದಲ ಹೆಜ್ಜೆಯಾಗಿಸಿ, ಫೀಸಿನ ಅರ್ಜಿ ಇನ್ನೊಂದು ದೊಡ್ಡ ಮೊಕದ್ದಮೆ ಆಗಬಾರದು ಎಂದು ಎಚ್ಚರಿಸಿತು. ಆ ಎಚ್ಚರಿಕೆಗೆ ಕಿವಿಗೊಟ್ಟವರು ಕಡಿಮೆ. ಮರುವರ್ಷ ಬಂದ ಬ್ಲಮ್ ತೀರ್ಪು ಆ ಪ್ರದೇಶದಲ್ಲಿ ಅಷ್ಟೇ ಅನುಭವದ ವಕೀಲರಿಗೆ ನಡೆಯುವ ಮಾರುಕಟ್ಟೆ ದರವನ್ನು ಅಳತೆಗೋಲು ಮಾಡಿತು. ಅರ್ಜಿದಾರ ವಕೀಲರು ತಮ್ಮ ದರಕ್ಕೆ ತಾವೇ ಪ್ರಮಾಣಪತ್ರ ಹಾಕಿಕೊಂಡರೆ ಸಾಲದು, ಬೇರೆ ಪುರಾವೆಯೂ ಬೇಕು ಎಂದಿತು. ಆ ಪುರಾವೆ ಎಲ್ಲಿಂದ ಬರಬೇಕು? ಇನ್ನೊಬ್ಬ ವಕೀಲರ ಬಾಯಿಂದಲೇ.

ಇಂಥ ತಜ್ಞರು ಮೊದಲು ಓದುವುದು ಬಿಲ್ಲನ್ನಲ್ಲ, ಕಕ್ಷಿದಾರನೊಂದಿಗಿನ ಫೀಸಿನ ಒಪ್ಪಂದವನ್ನು. ಆಮೇಲೆ ಮೊಕದ್ದಮೆಯ ಕಡತ, ಕೊನೆಗೆ ಸಮಯದ ದಾಖಲೆ. ದಾಖಲೆ ಕಂಪ್ಯೂಟರಿನಲ್ಲಿ ವಿಂಗಡಿಸುವಂತಿದ್ದರೆ ಕೆಲಸ ಅರ್ಧ ಮುಗಿದಂತೆ. ಯಾರು, ಯಾವ ಕೆಲಸಕ್ಕೆ, ಎಷ್ಟು ಹೊತ್ತು ಎಂದು ಮೂರು ಬಗೆಯಲ್ಲಿ ಜೋಡಿಸಿ ನೋಡುತ್ತಾರೆ. ಸಮಯದ ಅಳತೆ ಸಾಮಾನ್ಯವಾಗಿ ಗಂಟೆಯ ಹತ್ತನೇ ಒಂದು ಭಾಗ, ಅಂದರೆ 6 ನಿಮಿಷ. ಕಾಲು ಗಂಟೆಯ ಅಳತೆಯಾದರೆ ಎರಡು ನಿಮಿಷದ ಫೋನಿಗೂ 15 ನಿಮಿಷದ ಬಿಲ್ಲು ಬೀಳುತ್ತದೆ. ಇನ್ನೂ ದೊಡ್ಡ ತೊಂದರೆ ಮೂರ್ನಾಲ್ಕು ಕೆಲಸ ಒಟ್ಟುಗೂಡಿಸಿ 'ಎಂಟು ಗಂಟೆ' ಎಂದು ಒಂದೇ ಸಾಲಿನಲ್ಲಿ ಬರೆಯುವುದು. ಇದು ಸಮಯವನ್ನು ಶೇ. 10ರಿಂದ 30ರಷ್ಟು ಉಬ್ಬಿಸಬಹುದು ಎಂಬ ಕ್ಯಾಲಿಫೋರ್ನಿಯಾ ಬಾರ್ (ವಕೀಲರ ಸಂಘ) ಸಮಿತಿಯ ವರದಿಯನ್ನು 2007ರ ವೆಲ್ಚ್ ತೀರ್ಪು ಉಲ್ಲೇಖಿಸಿದೆ. ಕಡಿತ ಕೇಳುವವರೆಲ್ಲ ಈಗ ಅದನ್ನೇ ಮುಂದಿಡುತ್ತಾರೆ.

ಒಂದು ಲೆಕ್ಕ ನೋಡಿ. ಕೇಳಿದ್ದು 600 ಗಂಟೆ, ಗಂಟೆಗೆ 300 ಡಾಲರ್, ಒಟ್ಟು 1,80,000. ಇದರಲ್ಲಿ 40 ಗಂಟೆ ನಕಲು ತೆಗೆಯುವುದು, ಕಡತ ಜೋಡಿಸುವುದು; ಅದು ಗುಮಾಸ್ತರ ಕೆಲಸ. 60 ಗಂಟೆ ಸೋತುಹೋದ, ಗೆದ್ದದ್ದಕ್ಕೆ ಸಂಬಂಧವೇ ಇಲ್ಲದ ಬೇಡಿಕೆಯದು. ಉಳಿದ 500ರಲ್ಲಿ ಒಟ್ಟುಗೂಡಿಸಿ ಬರೆದ 100 ಗಂಟೆಗೆ ಶೇ. 20 ಕಡಿತ. ನಿಂತದ್ದು 480 ಗಂಟೆ, 1,44,000 ಡಾಲರ್. ಗೆದ್ದ ಮೊತ್ತ ಇದಕ್ಕಿಂತ ಕಡಿಮೆ ಎಂಬುದೊಂದೇ ಆಕ್ಷೇಪವಾಗದು. 1986ರ ರಿವರ್‌ಸೈಡ್ ಪ್ರಕರಣದಲ್ಲಿ ಪರಿಹಾರ 33,350 ಡಾಲರ್, ಫೀಸು 2,45,456 ಡಾಲರ್ 25 ಸೆಂಟ್. ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ವೃತ್ತಿನೀತಿಯ ಸಾಕ್ಷ್ಯದ ಹಾದಿ ಬೇರೆ. ಅಮೆರಿಕನ್ ಬಾರ್ ಅಸೋಸಿಯೇಷನ್ 1908ರಲ್ಲಿ ನೀತಿಸೂತ್ರಗಳನ್ನೂ 1969ರಲ್ಲಿ ಮಾದರಿ ಸಂಹಿತೆಯನ್ನೂ 1983ರಲ್ಲಿ ಈಗಿನ ಮಾದರಿ ನಿಯಮಗಳನ್ನೂ ತಂದಿತು. ನಿಯಮ ಮುರಿದ ಮಾತ್ರಕ್ಕೇ ವಕೀಲರ ಮೇಲೆ ಪರಿಹಾರದ ದಾವೆ ಹುಟ್ಟದು ಎಂದು ಆ ನಿಯಮಗಳೇ ಹೇಳುತ್ತವೆ. ಆದ್ದರಿಂದ ನಿರ್ಲಕ್ಷ್ಯದ ದಾವೆಯಲ್ಲಿ ತಜ್ಞರು ಬರೀ ನಿಯಮ ಓದಿ ಹೇಳಿದರೆ ನಡೆಯದು. ಎಚ್ಚರವುಳ್ಳ ವಕೀಲ ಆ ಸನ್ನಿವೇಶದಲ್ಲಿ ಏನು ಮಾಡುತ್ತಿದ್ದ ಎಂಬುದನ್ನು ಜ್ಯೂರಿಗೆ ಬಿಡಿಸಿ ಹೇಳಬೇಕು. ದಾವೆ ಹೂಡುವ ಕಾಲಮಿತಿಯನ್ನೇ ಮರೆತಂಥ ಕಣ್ಣಿಗೆ ಹೊಡೆಯುವ ತಪ್ಪಿಗೆ ಸಾಮಾನ್ಯವಾಗಿ ತಜ್ಞರು ಬೇಕಾಗುವುದಿಲ್ಲ. ಕೆಲವೊಮ್ಮೆ ನೀತಿ, ಫೀಸು ಎರಡೂ ಒಂದೇ ಕಡೆ ಕೂಡುತ್ತವೆ. ಒಬ್ಬ ಕಕ್ಷಿದಾರನಿಗಾಗಿ ವಿಮಾನದಲ್ಲಿ ಹೋಗುತ್ತ ಇನ್ನೊಬ್ಬನ ಕಡತ ಓದಿ, ಅದೇ ಗಂಟೆಗಳನ್ನು ಇಬ್ಬರಿಗೂ ಹಾಕುವುದು ತಪ್ಪು ಎಂದು ಸಂಘದ 1993ರ ಅಭಿಪ್ರಾಯ ಹೇಳುತ್ತದೆ.

ಸಾಕ್ಷ್ಯ ಬೀಳುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಮೊದಲನೆಯದು, ಕಾನೂನು ಏನೆಂದು ಹೇಳಹೊರಡುವುದು. ಅದು ನ್ಯಾಯಾಧೀಶರ ಕೆಲಸ. 1977ರ ಡೈನರ್ಸ್ ಕ್ಲಬ್ ಪ್ರಕರಣದಲ್ಲೂ 1988ರ ಸ್ಪೆಕ್ಟ್ ಪ್ರಕರಣದಲ್ಲೂ ವಕೀಲ ತಜ್ಞರ ಇಂಥ ಮಾತು ಒಪ್ಪತಕ್ಕದ್ದಲ್ಲ ಎಂದೇ ತೀರ್ಪಾಯಿತು. ಎರಡನೆಯದು, ಅನುಭವದ ಯಾದಿ ಕೊಟ್ಟು ನೇರವಾಗಿ ತೀರ್ಮಾನಕ್ಕೆ ಹಾರುವುದು. 1999ರ ಕುಮ್ಹೋ ಟೈರ್ ತೀರ್ಪಿನ ನಂತರ ಅನುಭವದ ತಜ್ಞರೂ ತಾವು ತೀರ್ಮಾನಕ್ಕೆ ಬಂದ ದಾರಿ ತೋರಿಸಬೇಕು. ಅದೇ ವರ್ಷ ಟೆಕ್ಸಾಸ್ ಸುಪ್ರೀಂ ಕೋರ್ಟ್ ಬರೋ ವಿರುದ್ಧ ಆರ್ಸೆ ಪ್ರಕರಣದಲ್ಲಿ ಅರ್ಹತೆ ದೊಡ್ಡದಿದ್ದರೂ ಕಾರಣಗಳಿಲ್ಲದ ತಜ್ಞರ ಪ್ರಮಾಣಪತ್ರವನ್ನು ಪಕ್ಕಕ್ಕಿಟ್ಟಿತು. 'ಎಲ್ಲ ನೋಡಿದ್ದೇನೆ, ಫೀಸು ಸರಿಯಿದೆ' ಎಂಬ ಒಂದು ಸಾಲು ಇವತ್ತು ಕಾಗದಕ್ಕೂ ದಂಡ.

ಪಾಟೀಸವಾಲಿನಲ್ಲಿ ಏಟು ಬೀಳುವುದು ಬೇರೆಡೆ. ಫೆಡರಲ್ (ಕೇಂದ್ರದ) ಕೋರ್ಟಿನಲ್ಲಿ ತಜ್ಞರು ವರದಿಯ ಜೊತೆ ಹಿಂದಿನ 10 ವರ್ಷದ ಬರಹಗಳ ಪಟ್ಟಿ, 4 ವರ್ಷದ ಸಾಕ್ಷ್ಯಗಳ ಪಟ್ಟಿ, ಪಡೆಯುವ ಸಂಭಾವನೆಯ ವಿವರ ಕೊಡಬೇಕು. ಹಿಂದೊಂದು ಕಡೆ ಇದಕ್ಕೆ ವಿರುದ್ಧವಾಗಿ ಬರೆದಿದ್ದರೆ ಎದುರು ವಕೀಲರು ಅದನ್ನೇ ಓದಿಸುತ್ತಾರೆ. ಸಂಭಾವನೆ ಗಂಟೆಯ ಲೆಕ್ಕದ್ದಿರಬಹುದು, ನಿಗದಿತ ಮೊತ್ತವಿರಬಹುದು. ಗೆದ್ದರೆ ಇಷ್ಟು ಪಾಲು ಎಂಬ ಒಪ್ಪಂದವನ್ನು ಮಾತ್ರ ವೃತ್ತಿ ನಿಯಮಗಳು ಸಾಮಾನ್ಯವಾಗಿ ಸಹಿಸುವುದಿಲ್ಲ. ಸಾಕ್ಷಿ ಹೇಳುವ ತಜ್ಞರಿಗೂ ಕರೆಸಿದ ಪಕ್ಷಕ್ಕೂ ವಕೀಲ–ಕಕ್ಷಿದಾರ ಸಂಬಂಧ ಇರುವುದಿಲ್ಲ, ತೆರೆಮರೆಯ ಸಲಹೆಗಾರರಾದರೆ ಇರುತ್ತದೆ ಎಂದು ಅಮೆರಿಕನ್ ಬಾರ್ ಅಸೋಸಿಯೇಷನ್ನಿನ 1997ರ ಅಭಿಪ್ರಾಯ ವಿಂಗಡಿಸಿತು. ಒಬ್ಬರೇ ಎರಡೂ ಪಾತ್ರ ಹಾಕಲು ಹೋದಾಗ ಗೋಜಲಾಗುತ್ತದೆ.

ಇಷ್ಟಾದರೂ ಎಲ್ಲ ಕೋರ್ಟೂ ತಜ್ಞರನ್ನು ಕೇಳುವುದಿಲ್ಲ. ಫೀಸಿನ ವಿಷಯದಲ್ಲಿ ನಾವೇ ತಜ್ಞರು ಎನ್ನುವ ನ್ಯಾಯಾಧೀಶರ ಸಾಲು ಉದ್ದವಿದೆ. ವಾದಿಸುವ ವಕೀಲರೇ ಸಾಕ್ಷಿಯಾಗಬಾರದು ಎಂಬ ನಿಯಮಕ್ಕೂ ಫೀಸಿನ ವಿಷಯದಲ್ಲಿ ವಿನಾಯಿತಿ ಉಂಟು: ತಮ್ಮ ಸೇವೆಯ ಬೆಲೆ ಎಷ್ಟೆಂದು ಅವರೇ ಹೇಳಬಹುದು. ಹೊರಗಿನ ತಜ್ಞರ ಖರ್ಚೋ, ಅದು ಬಹುಪಾಲು ಕರೆಸಿದವರ ಕೈಯಿಂದಲೇ. ವಕೀಲರ ಫೀಸು ಎಂಬ ಮಾತಿನಲ್ಲಿ ತಜ್ಞರ ಫೀಸು ಸೇರದು ಎಂದು 1991ರ ಕೇಸಿ ತೀರ್ಪು ಹೇಳಿತು. ಸಂಸತ್ತು ಅದೇ ವರ್ಷ ಕೆಲವು ಬಗೆಯ ಮೊಕದ್ದಮೆಗಳಿಗೆ ಮಾತ್ರ ಅದನ್ನು ತಿದ್ದಿತು. ಉಳಿದೆಡೆ, ಬೇರೆ ಕಾನೂನು ಕೈಹಿಡಿಯದಿದ್ದರೆ, ಕೈಯಲ್ಲಿ ವಕಾಲತ್ತಿನ ಸನ್ನದು ಇದ್ದರೂ ಕಟ್ಟೆ ಹತ್ತಿದವರು ಬರೀ ಸಾಕ್ಷಿ. ಫೆಡರಲ್ ಕೋರ್ಟಿನಲ್ಲಿ ಸಾಕ್ಷಿಯ ಹಾಜರಿಗೆ ಸೋತವರಿಂದ ವಸೂಲಾಗುವ ಭತ್ಯೆ ದಿನಕ್ಕೆ 40 ಡಾಲರ್, ಮೇಲೆ ಪ್ರಯಾಣದ ಖರ್ಚು.