ಜಗಲಿಯ ಸಸಿಗೆ ಬಿಸಿಲು ಹೊಸದು

ಮಳೆ ಬಿಟ್ಟು ಬಿಸಿಲು ಏರುವ ಅಕ್ಟೋಬರ್‌ನಲ್ಲಿ ನನಗೆ ಒಂದೇ ಥರದ ಫೋನುಗಳು ಬರುತ್ತವೆ. ಮೊನ್ನೆ ಉಡುಪಿಯಿಂದ ಒಬ್ಬರು ಕೇಳಿದರು: "ಸರ್, ನಿನ್ನೆ ತಾರಸಿಗೆ ತಂದಿಟ್ಟ ಗುಳ್ಳ ಬದನೆಯ ಸಸಿ, ಇವತ್ತು ಎಲೆಯೆಲ್ಲ ಬೆಳ್ಳಗಾಗಿದೆ. ಯಾವ ಮದ್ದು ಬಿಡಬೇಕು?" ಮದ್ದು ಬೇಡ. ಅದು ರೋಗ ಅಲ್ಲ, ಬಿಸಿಲಿನ ಸುಟ್ಟ ಗಾಯ.

ಮನೆಯೊಳಗೆ ಮೊಳೆತ ಸಸಿಯ ಎಲೆಗೆ ಮೇಣದ ಪದರ ತೆಳು. ಬೆಳಕು ಸಾಲದೆ ಕಾಂಡ ಉದ್ದಕ್ಕೆ ಎಳೆದುಕೊಂಡಿರುತ್ತದೆ. ಗಾಳಿಗೆ ಅಲ್ಲಾಡಿಯೇ ಗೊತ್ತಿರುವುದಿಲ್ಲ. ಅದು ಮಧ್ಯಾಹ್ನದ ಬಿಸಿಲನ್ನೂ ಕಡಲ ಗಾಳಿಯನ್ನೂ ಒಂದೇ ದಿನ ಹೇಗೆ ತಾಳೀತು?

"ಮಳೆಮರೆಯ ಒಳಗೇ ಇಟ್ಟಿದ್ದೆ ಅಲ್ವಾ" ಎನ್ನುವವರೂ ಇದ್ದಾರೆ. ಮಳೆಮರೆ ಎಂದರೆ ಪಾರದರ್ಶಕ ಶೀಟು ಹೊದಿಸಿದ ಚಪ್ಪರ. ಆ ಶೀಟು ಮಳೆ ತಡೆಯುತ್ತದೆ, ಬಿಸಿಲನ್ನು ಅಷ್ಟಾಗಿ ತಡೆಯುವುದಿಲ್ಲ. ಬದಿ ಮುಚ್ಚಿದ್ದರೆ ಹೊರಗಿಗಿಂತ ಒಳಗೇ ಸೆಕೆ ಜಾಸ್ತಿ. ಚಳಿ ದೇಶದವರು ಗಾಜಿನ ಮನೆಗೆ ಸಸಿ ಸಾಗಿಸುವಾಗ ರಾತ್ರಿಗೆ ಹೆದರುತ್ತಾರೆ. 10 ಡಿಗ್ರಿಗಿಂತ ಕೆಳಗಿಳಿದರೆ ಟೊಮೆಟೊ, ಬದನೆ ಮಂಕಾಗುತ್ತವೆ. ನಮ್ಮ ಕರಾವಳಿಯಲ್ಲಿ ಆ ಹೆದರಿಕೆ ಇಲ್ಲ. ನಾವು ನೋಡಬೇಕಾದ್ದು ಮಧ್ಯಾಹ್ನವನ್ನು. ಹಾಗಾಗಿ ಅಲ್ಲಿಯ ವೇಳಾಪಟ್ಟಿ ಹಿಡಿದು ಇಲ್ಲಿ ಸಸಿ ಸಾಗಿಸಬೇಡಿ.

ಸಸಿಯನ್ನು ಬಿಸಿಲಿಗೆ ಒಗ್ಗಿಸಲು ನಾನು ಹತ್ತು ದಿನ ಹಿಡಿಯುತ್ತೇನೆ. ಮೊದಲ ಎರಡು ದಿನ ಬೆಳಗಿನ ಒಂದೂವರೆ ಗಂಟೆಯ ಎಳೆ ಬಿಸಿಲು ಮಾತ್ರ, ಆಮೇಲೆ ಟ್ರೇ ಮತ್ತೆ ಜಗಲಿಗೆ. ಮೂರನೇ ದಿನದಿಂದ ದಿನಕ್ಕೊಂದು ಗಂಟೆ ಹೆಚ್ಚಿಸುತ್ತಾ ಹೋಗುತ್ತೇನೆ. ನಾಲ್ಕನೇ ದಿನದಿಂದ ರಾತ್ರಿಯೂ ಹೊರಗೇ. ಆರನೇ ದಿನದಿಂದ ಮಧ್ಯಾಹ್ನ ಶೇ. 50ರ ನೆರಳು ಬಲೆಯಡಿ. ಕೊನೆಯ ಎರಡು ದಿನ ಬಲೆಯನ್ನೂ ತೆಗೆಯುತ್ತೇನೆ. ಮಳೆಮರೆಯ ಬದಿಗಳನ್ನು ಮೊದಲ ದಿನದಿಂದಲೇ ಎತ್ತಿ ಕಟ್ಟಿ, ಗಾಳಿ ಆಡಲಿ. ನಿತ್ಯ ಒಮ್ಮೆ ಸಸಿಗಳ ತಲೆ ಮೇಲೆ ಅಂಗೈ ಮೆಲ್ಲಗೆ ಸವರಿ. ಹೀಗೆ ಅಲ್ಲಾಡಿದ ಕಾಂಡ ಕುಳ್ಳಗೆ, ಗಟ್ಟಿಯಾಗಿ ಬೆಳೆಯುತ್ತದೆ.

ಜಾಸ್ತಿ ಜನ ಎಡವುವುದು ನೀರಿನಲ್ಲಿ. ಎಲೆ ಸ್ವಲ್ಪ ಬಾಗಿದ್ದು ಕಂಡ ಕೂಡಲೇ ಮಗ್ ತುಂಬ ಸುರಿಯುತ್ತಾರೆ. ಮೊದಲು ಟ್ರೇಯಲ್ಲಿ ತುಂಬಿದ ತೆಂಗಿನ ನಾರಿನ ಹುಡಿಯನ್ನು ಬೆರಳಲ್ಲಿ ಒತ್ತಿ ನೋಡಿ. ತೇವ ಇದ್ದರೆ ನೆರಳು ಸಾಕು, ಸಂಜೆಗೆ ಎಲೆ ತಾನೇ ಎದ್ದು ನಿಲ್ಲುತ್ತದೆ. ನೀರು ಬೆಳಿಗ್ಗೆಯೇ ಹಾಕಿ. ನಮ್ಮ ಗಾಳಿಯಲ್ಲಿ ಮೊದಲೇ ಪಸೆ ಜಾಸ್ತಿ. ರಾತ್ರಿಯಿಡೀ ಬುಡ ಒದ್ದೆಯಾಗಿದ್ದರೆ ಶಿಲೀಂಧ್ರ ಹತ್ತಿ, ಸಸಿ ಮಣ್ಣಿನ ಮಟ್ಟದಲ್ಲೇ ಕೊಳೆತು ಮಗುಚಿ ಬೀಳುತ್ತದೆ. ಅದನ್ನು ಉಳಿಸುವ ದಾರಿ ಇಲ್ಲ.

ಬೆಂಡೆ, ಅಲಸಂಡೆ, ಮುಳ್ಳುಸೌತೆಗೆ ಇಷ್ಟೆಲ್ಲ ಬೇಕಿಲ್ಲ. ಬೆಳೆಯುವ ಜಾಗದಲ್ಲೇ ಬೀಜ ಹಾಕಿ.

ಫೋನು ಮಾಡಿದವರಿಗೆ ಸುಟ್ಟ ಎಲೆ ಕೀಳಬೇಡಿ ಎಂದೆ. ಅದರಲ್ಲಿ ಉಳಿದ ಹಸಿರು ಸಸಿಗೆ ಇನ್ನೂ ಬೇಕು. ತುದಿಯ ಕುಡಿ ಹಸಿರಾಗಿಯೇ ಇತ್ತಂತೆ. ನಾಲ್ಕು ದಿನ ನೆರಳಿಗೆ ತನ್ನಿ, ಹೊಸ ಎಲೆ ಬಿಚ್ಚಿದ ಮೇಲೆ ಬೆಳಗಿನ ಬಿಸಿಲಿನಿಂದ ಪುನಃ ಶುರು ಮಾಡಿ ಎಂದು ಹೇಳಿದ್ದೇನೆ.