ಮಾತ್ರೆಯ ಹೆಸರೇ ಗುಟ್ಟು ಹೇಳಿಬಿಟ್ಟರೆ

ಮಂಡಿನೋವೆಂದು ಮೂಳೆ ಡಾಕ್ಟರ ಹತ್ತಿರ ಹೋದವರೊಬ್ಬರನ್ನು ಕಣ್ಣ ಮುಂದೆ ತಂದುಕೊಳ್ಳಿ. ಹತ್ತು ವರ್ಷದಿಂದ ಅವರು, ಮನಸ್ಸಿನ ವಿಪರೀತ ಏರಿಳಿತ ಹತೋಟಿಯಲ್ಲಿಡಲು ಮನೋವೈದ್ಯರು ಕೊಟ್ಟ ಲಿಥಿಯಂ ಮಾತ್ರೆ ನುಂಗುತ್ತಿದ್ದಾರೆ. ಕೆಲಸ, ಸಂಸಾರ ಎಲ್ಲ ಸುಸೂತ್ರವಾಗಿದೆ. ಈ ಸಂಗತಿ ಮನೋವೈದ್ಯರನ್ನೂ ಮನೆಯವರನ್ನೂ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದು ಅವರಿಗೆ ಇಷ್ಟವೂ ಇಲ್ಲ. ಕೌಂಟರಿನಲ್ಲಿ ಪರದೆಯೊಂದನ್ನು ಇವರ ಕಡೆ ತಿರುಗಿಸಿ, ‘ನಿಮ್ಮ ಹಳೆಯ ದಾಖಲೆ ತರಿಸಿಕೊಳ್ಳಲು ಒಪ್ಪಿಗೆ ಇದೆಯೇ?’ ಎಂದು ಕೇಳುತ್ತಾರೆ. ಅದರ ಮೇಲಿರುವುದು ಎರಡೇ ಗುಂಡಿ: ಹೌದು, ಇಲ್ಲ.

‘ಹೌದು’ ಒತ್ತಿದರೆ ಹತ್ತು ವರ್ಷದ ಮನಸ್ಸಿನ ಕಥೆಯೆಲ್ಲ ಮಂಡಿ ನೋಡುವವರ ಮೇಜಿಗೆ ಬಂದು ಬೀಳುತ್ತದೆ. ‘ಇಲ್ಲ’ ಒತ್ತಿದರೆ ಡಾಕ್ಟರು ಏನೂ ತಿಳಿಯದೆ ಐಬುಪ್ರೊಫೇನ್ ಜಾತಿಯ ನೋವಿನ ಮಾತ್ರೆ ಬರೆದುಕೊಡಬಹುದು. ಲಿಥಿಯಂ ಮೈಯಿಂದ ಹೊರಹೋಗುವುದು ಮೂತ್ರಪಿಂಡದ ದಾರಿಯಲ್ಲಿ. ಈ ನೋವಿನ ಮಾತ್ರೆಗಳು ಆ ದಾರಿಯನ್ನು ಇಕ್ಕಟ್ಟಾಗಿಸುತ್ತವೆ, ರಕ್ತದಲ್ಲಿ ಲಿಥಿಯಂ ಏರುತ್ತದೆ. ಸಾಮಾನ್ಯವಾಗಿ ಲೀಟರ್ ರಕ್ತದಲ್ಲಿ 0.6ರಿಂದ 1.0 ಮಿಲಿಮೋಲ್ ಇದ್ದಾಗ ಅದು ಔಷಧ. 1.5 ದಾಟಿತೆಂದರೆ ವಿಷದ ಲಕ್ಷಣಗಳು ಶುರು: ಕೈನಡುಕ, ವಾಂತಿ, ತೊದಲು ಮಾತು, ತಲೆಯಲ್ಲಿ ಗೊಂದಲ.

ಮಾನ ಉಳಿಸಿಕೊಳ್ಳಬೇಕೋ ಮೂತ್ರಪಿಂಡ ಉಳಿಸಿಕೊಳ್ಳಬೇಕೋ ಎಂಬ ಇಕ್ಕಟ್ಟಿಗೆ ಯಾವ ರೋಗಿಯನ್ನೂ ಸಿಲುಕಿಸಬಾರದು. ಎರಡು ಗುಂಡಿಯ ಪರದೆ ಅದನ್ನೇ ಮಾಡುತ್ತದೆ. ಯಾವ ಭಾಗ, ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ದಿನ ಎಂದು ಬಿಡಿಬಿಡಿಯಾಗಿ ಹೇಳಲು ಅವಕಾಶವಿಲ್ಲದಿದ್ದರೆ ಅದನ್ನು ಒಪ್ಪಿಗೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ತಂತ್ರಜ್ಞಾನದ ಮಟ್ಟಿಗೆ ಈ ಬಿಡಿಸುವಿಕೆ ಅಸಾಧ್ಯವೇನಲ್ಲ. ಕಾಗದದ ಕಡತವನ್ನು ಕೊಟ್ಟರೆ ಇಡಿಯಾಗಿ ಕೊಟ್ಟಂತೆ. ಗಣಕದ ದಾಖಲೆ ಹಾಗಲ್ಲ, ಅದು ಸಾವಿರಾರು ತುಣುಕುಗಳ ಕಂತೆ. ಆಸ್ಪತ್ರೆಗಳ ನಡುವೆ ಮಾಹಿತಿ ಸಾಗಿಸಲು ಹಲವು ದೇಶಗಳು ಬಳಸುತ್ತಿರುವ ‘ಫೈರ್’ ಎಂಬ ಮಾನದಂಡದಲ್ಲಿ ರೋಗನಿರ್ಣಯ, ಔಷಧ, ಲ್ಯಾಬ್ ಫಲಿತಾಂಶ ಒಂದೊಂದೂ ಬೇರೆ ಬೇರೆ ತುಣುಕು. ಪ್ರತಿ ತುಣುಕಿಗೂ ‘ಇದು ಸೂಕ್ಷ್ಮ’ ಎಂಬ ಚೀಟಿ ಅಂಟಿಸಬಹುದು. ರೋಗಿಯ ಒಪ್ಪಿಗೆಯನ್ನೂ ಯಂತ್ರ ಓದಿಕೊಂಡು ಪಾಲಿಸುವಂತೆ ಬರೆದಿಡಬಹುದು.

ಹಾಗಾದರೆ ಸೂಕ್ಷ್ಮವಾದದ್ದನ್ನು ಮುಚ್ಚಿ ಉಳಿದದ್ದನ್ನು ಕಳಿಸಿದರಾಯಿತಲ್ಲ? ಕಷ್ಟ ಶುರುವಾಗುವುದೇ ಇಲ್ಲಿ. ನಮ್ಮ ಮಂಡಿನೋವಿನವರ ರೋಗದ ಹೆಸರನ್ನು ಮುಚ್ಚಿದಿರಿ ಎನ್ನಿ, ಔಷಧದ ಪಟ್ಟಿಯಲ್ಲಿ ಲಿಥಿಯಂ ಕೂತಿದೆ. ಯಾವ ಡಾಕ್ಟರಿಗೂ ಅಷ್ಟು ಸಾಕು. ಅದನ್ನೂ ಮುಚ್ಚಿದಿರಿ, ‘ರಕ್ತದಲ್ಲಿ ಲಿಥಿಯಂ ಪ್ರಮಾಣ’ ಎಂಬ ಲ್ಯಾಬ್ ರಿಪೋರ್ಟು ವರ್ಷಕ್ಕೆರಡು ಸಲ ಬಂದಿದೆ. ಅದೂ ಹೋಯಿತು, ಯಾವ ವಿಭಾಗಕ್ಕೆ ಯಾವ ದಿನ ಬಂದಿದ್ದರು ಎಂಬ ಪಟ್ಟಿ ಉಳಿದಿದೆ. ಕೊನೆಗೆ ಎಂದೋ ಜ್ವರಕ್ಕೆ ನೋಡಿದ ಡಾಕ್ಟರೊಬ್ಬರು ಟಿಪ್ಪಣಿಯಲ್ಲಿ ಟೈಪಿಸಿದ ಒಂದೇ ಸಾಲು ಎಲ್ಲವನ್ನೂ ಹೇಳಿಬಿಡುತ್ತದೆ. ಈ ಬಿಡಿ ಬರಹದ ಟಿಪ್ಪಣಿಗಳೇ ದೊಡ್ಡ ತಲೆನೋವು. ಅವಕ್ಕೆ ನಿಗದಿತ ಸಂಕೇತವಿಲ್ಲ, ಯಂತ್ರದ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ, ಮನುಷ್ಯರ ಕಣ್ಣಿಗೆ ಮಾತ್ರ ತಟ್ಟನೆ ಬೀಳುತ್ತವೆ.

ಇನ್ನು, ಮುಚ್ಚಿದ ಜಾಗವೇ ಮಾತಾಡುತ್ತದೆ. ‘ಈ ರೋಗಿ ಕೆಲವು ಮಾಹಿತಿ ತಡೆಹಿಡಿದಿದ್ದಾರೆ’ ಎಂದು ಪರದೆ ತೋರಿಸಿದರೆ ಸಂಶಯ ಹುಟ್ಟದಿರುತ್ತದೆಯೇ? ತೋರಿಸದಿದ್ದರೆ ಡಾಕ್ಟರು ಅರೆ ದಾಖಲೆಯನ್ನೇ ಪೂರ್ತಿ ಎಂದು ನಂಬಿ ಮೋಸಹೋಗುತ್ತಾರೆ. ಏನೂ ಮುಚ್ಚದವರದೂ ಸೇರಿ ಎಲ್ಲರ ದಾಖಲೆಯ ಮೇಲೂ ‘ಇದು ಅಪೂರ್ಣವಿರಬಹುದು, ರೋಗಿಯನ್ನು ಕೇಳಿ’ ಎಂದು ಒಂದೇ ಸಾಲು ಬರೆಯುವುದು ನನಗೆ ಸರಿಯೆನಿಸುತ್ತದೆ. ಆಗ ಯಾರ ಮೇಲೂ ಬೆರಳು ತೋರಿಸಿದಂತಾಗದು. ಔಷಧಗಳ ಜಗಳವನ್ನು ಯಂತ್ರವೇ ಒಳಗೊಳಗೆ ಪರೀಕ್ಷಿಸಿ, ಕಾರಣ ಹೇಳದೆ ‘ಈ ಜಾತಿಯ ನೋವಿನ ಮಾತ್ರೆ ಇವರಿಗೆ ಬೇಡ’ ಎಂದಷ್ಟೇ ಎಚ್ಚರಿಸಬಹುದು. ಹೊಟ್ಟೆಹುಣ್ಣು, ದುರ್ಬಲ ಮೂತ್ರಪಿಂಡ, ರಕ್ತ ತೆಳುವಾಗಿಸುವ ಔಷಧ, ಹೃದಯದ ತೊಂದರೆ ಹೀಗೆ ಆ ಎಚ್ಚರಿಕೆಗೆ ಹತ್ತು ಕಾರಣಗಳಿರಬಹುದು. ಹತ್ತರಲ್ಲಿ ಒಂದಾಗಿ ಗುಟ್ಟು ಉಳಿಯುತ್ತದೆ. ಎಲ್ಲ ಔಷಧಕ್ಕೂ ಈ ಉಪಾಯ ಒಗ್ಗುವುದಿಲ್ಲ, ಆದರೆ ಒಗ್ಗುವ ಕಡೆ ಬಳಸಲು ಏನಡ್ಡಿ?

ಪ್ರಜ್ಞೆ ತಪ್ಪಿದವರನ್ನು ತುರ್ತು ವಿಭಾಗಕ್ಕೆ ತಂದಾಗ ಒಪ್ಪಿಗೆ ಕೇಳುತ್ತಾ ಕೂರಲಾಗದು. ಅದಕ್ಕೆಂದೇ ಹಲವು ವ್ಯವಸ್ಥೆಗಳಲ್ಲಿ ‘ಗಾಜು ಒಡೆಯುವ’ ಬಾಗಿಲು ಇದೆ. ಡಾಕ್ಟರು ಕಾರಣ ಬರೆದು ಬೀಗ ತೆರೆಯಬಹುದು, ಯಾರು ಎಷ್ಟು ಹೊತ್ತಿಗೆ ತೆರೆದರೆಂಬುದು ಅಳಿಸದಂತೆ ದಾಖಲಾಗುತ್ತದೆ. ಹೀಗೆ ಯಾರು ನೋಡಿದರೆಂಬ ಲೆಕ್ಕ ರೋಗಿಯ ಕೈಗೇ ಸಿಗಬೇಕು. ಎಸ್ಟೋನಿಯಾದಲ್ಲಿ ಸಿಗುತ್ತದೆ. 2008ರಲ್ಲಿ ಇಡೀ ದೇಶಕ್ಕೆ ಒಂದೇ ಆರೋಗ್ಯ ಮಾಹಿತಿ ಜಾಲ ಶುರುಮಾಡಿದ ಆ ಪುಟ್ಟ ದೇಶದಲ್ಲಿ, ತಮ್ಮ ದಾಖಲೆಯನ್ನು ಯಾರು ಯಾವಾಗ ತೆರೆದರೆಂದು ಜನ ಮನೆಯಲ್ಲೇ ಕೂತು ನೋಡಬಹುದು, ಬೇಡವೆನಿಸಿದ ದಾಖಲೆಯನ್ನು ಮುಚ್ಚಲೂಬಹುದು. ದಾಖಲೆ ಇಣುಕುವವರೆಲ್ಲ ದೂರದ ಕಳ್ಳರಲ್ಲ. ನೆಂಟರು, ನೆರೆಯವರು, ಹಳೆಯ ಸಂಗಾತಿ ಅದೇ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರೆ ಕುತೂಹಲ ಒಂದು ಕ್ಲಿಕ್ಕಿನ ದೂರ. ಕ್ಲಿಕ್ಕು ಕಾಣಿಸುತ್ತದೆ ಎಂದು ಗೊತ್ತಿದ್ದರೆ ಕೈ ಹಿಂಜರಿಯುತ್ತದೆ.

‘ಹೆಸರು ತೆಗೆದು ಸಂಶೋಧನೆಗೆ ಕೊಡುತ್ತೇವೆ, ಅದಕ್ಕೇಕೆ ಒಪ್ಪಿಗೆ?’ ಎಂಬ ಮಾತೂ ಕೇಳಿಬರುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕಥೆ ಇದಕ್ಕೆ ಉತ್ತರ. ಅಲ್ಲಿ 1990ರ ದಶಕದಲ್ಲಿ ಸರ್ಕಾರಿ ನೌಕರರ ಆಸ್ಪತ್ರೆ ಮಾಹಿತಿಯನ್ನು ಹೆಸರು ಕಿತ್ತು ಸಂಶೋಧಕರಿಗೆ ಕೊಟ್ಟರು, ಹುಟ್ಟಿದ ದಿನ, ಲಿಂಗ, ಅಂಚೆ ಸಂಕೇತ ಹಾಗೇ ಉಳಿದಿದ್ದವು. ಆಗ ವಿದ್ಯಾರ್ಥಿನಿಯಾಗಿದ್ದ ಲಟಾನ್ಯಾ ಸ್ವೀನಿ 20 ಡಾಲರ್ ಕೊಟ್ಟು ಕೇಂಬ್ರಿಡ್ಜ್ ಪಟ್ಟಣದ ಮತದಾರರ ಪಟ್ಟಿ ಕೊಂಡರು. ರಾಜ್ಯಪಾಲ ವಿಲಿಯಂ ವೆಲ್ಡ್ ಹುಟ್ಟಿದ ದಿನವೇ ಹುಟ್ಟಿದವರು ಪಟ್ಟಿಯಲ್ಲಿ 6 ಮಂದಿ, ಅವರಲ್ಲಿ ಗಂಡಸರು 3, ಆ ಮೂವರಲ್ಲಿ ಅವರ ಅಂಚೆ ಸಂಕೇತದವರು ಒಬ್ಬರೇ. ರಾಜ್ಯಪಾಲರ ಆಸ್ಪತ್ರೆ ದಾಖಲೆ ಸಿಕ್ಕಿಬಿಟ್ಟಿತು. ಅಮೆರಿಕದ ಜನರಲ್ಲಿ ಸುಮಾರು 87 ಶೇಕಡಾ ಮಂದಿಯನ್ನು ಹುಟ್ಟಿದ ದಿನ, ಲಿಂಗ, ಅಂಚೆ ಸಂಕೇತ ಈ ಮೂರರಿಂದಲೇ ಗುರುತಿಸಲು ಸಾಧ್ಯವೆಂದು ಆಕೆ ಮುಂದೆ 2000ದಲ್ಲಿ ಅಂದಾಜಿಸಿದರು.

ಸಂಶೋಧನೆ ಬೇಡವೆಂದಲ್ಲ. ಔಷಧದ ಎಷ್ಟೋ ಅಪರೂಪದ ಅಡ್ಡಪರಿಣಾಮಗಳು ತಿಳಿಯುವುದು ಲಕ್ಷಾಂತರ ಜನರ ದಾಖಲೆ ಒಟ್ಟಿಗೆ ನೋಡಿದಾಗಲೇ. ಆದರೆ ಕೇಳದೆ ತೆಗೆದುಕೊಂಡರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ. ಇಂಗ್ಲೆಂಡಿನಲ್ಲಿ ‘ಕೇರ್.ಡೇಟಾ’ ಎಂಬ ಯೋಜನೆಯಡಿ ಕುಟುಂಬ ವೈದ್ಯರ ದಾಖಲೆಗಳನ್ನು ಒಂದೆಡೆ ಸೇರಿಸಹೊರಟು, 2014ರಲ್ಲಿ ಮನೆಮನೆಗೆ ಕರಪತ್ರ ಹಂಚಿದರು. ಬೇಡವೆನ್ನದವರೆಲ್ಲ ಒಪ್ಪಿದಂತೆ ಎಂಬ ಲೆಕ್ಕ. ಕರಪತ್ರ ಕಂಡೇ ಇಲ್ಲವೆಂದು ಎಷ್ಟೋ ಜನ ದೂರಿದರು. ಒಳ್ಳೆಯ ಉದ್ದೇಶದ ಆ ಯೋಜನೆ 2016ರಲ್ಲಿ ಮುಚ್ಚಿಹೋಯಿತು.

ಕೊಟ್ಟ ಒಪ್ಪಿಗೆಯನ್ನು ವಾಪಸು ಪಡೆಯಬಹುದು ಎಂದು ನಮೂನೆಗಳಲ್ಲಿ ಬರೆದಿರುತ್ತದೆ. ನಿಜ, ಮುಂದಿನ ಹರಿವು ನಿಲ್ಲುತ್ತದೆ. ಆದರೆ ಅಷ್ಟರಲ್ಲಿ ನಕಲಾಗಿ ಇನ್ನೊಂದು ಸರ್ವರಿನಲ್ಲಿ ಕೂತದ್ದು ಅಲ್ಲೇ ಇರುತ್ತದೆ. ಫಿನ್ಲೆಂಡಿನ ‘ವಸ್ತಾಮೋ’ ಎಂಬ ಮನೋಚಿಕಿತ್ಸಾ ಸಂಸ್ಥೆಯಿಂದ ಕದ್ದ ಟಿಪ್ಪಣಿಗಳನ್ನು ಹಿಡಿದು, 2020ರಲ್ಲಿ ಕಳ್ಳ ಹಣಕ್ಕಾಗಿ ರೋಗಿಗಳನ್ನೇ ನೇರವಾಗಿ ಬೆದರಿಸಿದ. ಸಾವಿರಾರು ಜನ ಚಿಕಿತ್ಸೆಯ ಕೋಣೆಯಲ್ಲಿ ಒಬ್ಬರೆದುರು ಹೇಳಿಕೊಂಡ ಮಾತುಗಳವು. ಪಾಸ್‌ವರ್ಡು ಬದಲಿಸಬಹುದು, ಬ್ಯಾಂಕಿನ ಕಾರ್ಡು ರದ್ದು ಮಾಡಬಹುದು, ಆ ಮಾತುಗಳನ್ನು ಹಿಂದಕ್ಕೆ ತರಿಸುವುದು ಹೇಗೆ? ಮಂಡಿ ನೋಡುವ ಡಾಕ್ಟರಿಗೆ ಬೇಕಾದದ್ದು ಅರ್ಧ ಗಂಟೆಯ ನೋಟ. ನಕಲು ಉಳಿಯದಂತೆ, ಹೊತ್ತು ಮುಗಿದೊಡನೆ ತಾನೇ ಮುಚ್ಚಿಕೊಳ್ಳುವಂತೆ ಅದನ್ನು ಕೊಡಲು ಬರುತ್ತದೆ. ಕೌಂಟರಿನ ಪರದೆಯಲ್ಲಿ ಅದಕ್ಕೊಂದು ಮೂರನೆಯ ಗುಂಡಿ ಇಡಬೇಕು, ಅಷ್ಟೇ.